ತುತ್ತೂರಿಯ ಇಟಲಿ ಡ್ರಿಲ್

ಅಗ್ನಿಶಾಮಕ ಠಾಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ತುತ್ತೂರಿ. ಹಾಗಂತ ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳುವ ಪೈಕಿಯಲ್ಲ ಪಾಪ. ಯಾರಾದರೂ ಹೊಗಳಿದರೆ ತಣ್ಣೀರು ಸುರಿಸಿಕೊಂಡವನಂತೆ ಮುದುಡಿಕೊಳ್ಳುತ್ತಿದ್ದ. ಹಗಲೆಲ್ಲ ನೀರಿನ ಪೈಪು ಹಿಡಿಯುವ ಕೆಲಸ, ಬಿಡುವಾದಾಗ ಠಾಣೆಯ ಬ್ಯಾಂಡಿನಲ್ಲಿ ಟ್ಯೂಬಾ. ಟ್ಯೂಬಾ ಎಂದರೆ ಬ್ಯಾಂಡಿನ ವಾದ್ಯಗಳಿಗೆಲ್ಲ ಹಿರಿಯಣ್ಣ, ಎಳೆಗರುವನ್ನು ಎತ್ತಿಕೊಂಡ ಹಾಗೆ ತಬ್ಬಿ ಹಿಡಿದು ಊದಬೇಕಾದ ಹಿತ್ತಾಳೆಯ ಭಾರ. ಉಳಿದವರು ರಾಗ ನುಡಿಸುತ್ತಾರೆ, ಟ್ಯೂಬಾದವನು ಕೆಳಗಿನಿಂದ ಪೋಂ, ಪೋಂ ಎಂದು ಆಸರೆ ಕೊಡುತ್ತಾನೆ. ಮನೆಯ ಪಾಯ ನೋಡಿ ಯಾರಾದರೂ ಚಪ್ಪಾಳೆ ತಟ್ಟಿದ್ದುಂಟೆ? ಇವನಿಗೂ ಯಾರೂ ತಟ್ಟಿರಲಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವ ಹಾಗಿರಲಿಲ್ಲ. ಒಮ್ಮೆ ಊದಿದಾಗ ಕಪಾಟಿನ ಗಾಜಿನ ಲೋಟಗಳೆಲ್ಲ ಗಲಗಲ ನಡುಗಿದ್ದವು. ಮಹಡಿಯವರು ಕೆಳಗಿಳಿದು ಬಂದು, ಹಸು ಯಾವಾಗ ಕೊಂಡಿರಿ ಎಂದು ವಿಚಾರಿಸಿದ್ದರು. ಹಾಗಾಗಿ ಠಾಣೆಯ ಹಿಂದೆ ಒದ್ದೆ ಪೈಪುಗಳನ್ನು ನೇತುಹಾಕಿ ಒಣಗಿಸುವ ಎತ್ತರದ ಗೋಪುರದ ಬುಡವೇ ಅವನ ಸಂಗೀತಶಾಲೆ. ಇಟಲಿಯ ಬೇಸಿಗೆ ಸಂಗೀತ ಶಿಬಿರಕ್ಕೆ ಕಳಿಸಬೇಕಾದ ರೆಕಾರ್ಡಿಂಗನ್ನೂ ಅಲ್ಲೇ ಮಾಡಿಕೊಂಡ. ಅರ್ಧಕ್ಕೆ ಬಂದಿದ್ದ, ಸೈರನ್ ಹೊಡೆಯಿತು. ಟ್ಯೂಬಾ ಅಲ್ಲೇ ಇಟ್ಟು ಓಡಿದ. ಬೆಂಕಿ ಆರಿಸಿ ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿಯುತ್ತ ಬಂದಿತ್ತು, ಇದ್ದದ್ದನ್ನೇ ಕಳಿಸಿಬಿಟ್ಟ. ಅಲ್ಲಿಯವರ ಉತ್ತರ ಬಂತು: ಕೊನೆಯಲ್ಲಿ ಸೈರನ್ನನ್ನೂ, ದೂರ ಸರಿಯುವ ಬೂಟುಗಳ ಸದ್ದನ್ನೂ ಬಳಸಿಕೊಂಡ ಧೈರ್ಯ ನಮಗೆ ಬಹಳ ಹಿಡಿಸಿತು, ಮೂರು ವಾರ ನಮ್ಮಲ್ಲಿರಿ, ಕೊನೆಯ ದಿನ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಒಂದು ರಾಗ ನುಡಿಸಬೇಕು. ಒಬ್ಬೊಬ್ಬರಾಗಿ ಎಂಬ ಮಾತನ್ನು ತುತ್ತೂರಿ ಎಷ್ಟು ಸಲ ಓದಿಕೊಂಡನೋ ಅವನಿಗೇ ಗೊತ್ತಿಲ್ಲ.

ವೀಸಾ ಬಂತು, ಟಿಕೆಟ್ಟೂ ಆಯಿತು. ರಜೆ ಕೇಳಲು ಹೋದಾಗ ಠಾಣೆಯ ಸಾಹೇಬರು ತಲೆಯೆತ್ತದೆ, ಡ್ರಿಲ್ ಆಯಿತೇ ಎಂದರು. ಆ ಠಾಣೆಯ ಪದ್ಧತಿಯೇ ಹಾಗೆ, ಯಾವುದಕ್ಕೂ ಮೊದಲು ಒಂದು ಅಣಕು ತಾಲೀಮು ಆಗಲೇಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದವರು ಈ ಸಾಹೇಬರು. ಚಹಾಕ್ಕೆಂದು ಹೊಸ ಫ್ಲಾಸ್ಕು ಬಂದಾಗಲೂ ಮೊದಲು ನೀರು ತುಂಬಿಸಿ ಡ್ರಿಲ್ ಮಾಡಿಸಿದ್ದರು. ಡ್ರಿಲ್ಲಿನಲ್ಲಿ ಫೇಲಾದವನು ಗಾಡಿ ಹತ್ತುವಂತಿಲ್ಲ. ಅಷ್ಟೇ ಅಲ್ಲ, ಡ್ರಿಲ್ಲಿನಲ್ಲಿ ಯಾರಿಗೆ ಯಾವ ಪಾತ್ರ ಒಪ್ಪಿಸಿದೆಯೋ ಆ ವಿಷಯದಲ್ಲಿ ಅವರ ಮಾತೇ ಕೊನೆ, ಸಾಹೇಬರೂ ಮೀರುವಂತಿಲ್ಲ. ಒಮ್ಮೆ ಬೆಂಕಿಯ ಪಾತ್ರ ವಹಿಸಿದ್ದ ಅಡುಗೆಯವನು ತಾನಿನ್ನೂ ಆರಿಲ್ಲವೆಂದು ಹಟ ಹಿಡಿದಾಗ, ಸಾಹೇಬರೂ ಸೇರಿದಂತೆ ಇಡೀ ಠಾಣೆ ಊಟ ಬಿಟ್ಟು ಅವನ ಮೇಲೆ ನೀರು ಹೊಡೆದಿತ್ತು. ಇಟಲಿಗೂ ಒಂದು ಡ್ರಿಲ್ ಆಗಲಿ, ಪಾಸಾದರೆ ರಜೆಗೆ ಸಹಿ, ಇಲ್ಲವಾದರೆ ಇಲ್ಲ ಎಂದರು ಸಾಹೇಬರು. ತುತ್ತೂರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸೆಲ್ಯೂಟ್ ಹೊಡೆದು ಮನೆಗೆ ಬಂದು ಕುರ್ಚಿಗಳನ್ನು ಜೋಡಿಸತೊಡಗಿದ.

ಮನೆಯಲ್ಲಿ ತಯಾರಿ ಜೋರಾಯಿತು. ಹೆಂಡತಿ ಹಳೇ ಬಟ್ಟೆಗಳನ್ನು ಮೈಗೆ ಸರಿಹೊಂದಿಸಿ ಹೊಲಿದುಕೊಡುವವಳು. ಪರದೇಶದಲ್ಲಿ ಜೇಬುಗಳ್ಳರ ಕಾಟ ಎಂದು ಯಾರೋ ಅವಳ ಕಿವಿಗೆ ಹಾಕಿದ್ದೇ ತಡ, ಗಂಡನ ಪ್ಯಾಂಟು, ಅಂಗಿ, ಬನಿಯನ್ನುಗಳಿಗೆಲ್ಲ ಒಳಗಡೆ ಗುಪ್ತ ಜೇಬು ಹೊಲಿದಳು, ಜೇಬಿನೊಳಗೂ ಜೇಬಿಟ್ಟಳು. ಕಳ್ಳನ ಮಾತು ಹಾಗಿರಲಿ, ಪಾಸ್‌ಪೋರ್ಟ್ ಎಲ್ಲಿದೆಯೆಂದು ತುತ್ತೂರಿಗೇ ಗೊತ್ತಾಗದೆ, ಮೈಗೆ ಇರುವೆ ಹತ್ತಿದವನಂತೆ ತಡಕಾಡುತ್ತಿದ್ದ. ಸಾಮಾನಿನ ಜಾಗ ಉಳಿಯಲೆಂದು ಸಾಕ್ಸು, ಟವೆಲ್ಲು, ಒಳಬಟ್ಟೆಗಳನ್ನು ಟ್ಯೂಬಾದ ಬಾಯೊಳಗೆ ತುರುಕಿದರು. ಮಾತ್ರೆ, ವೈದ್ಯರ ಚೀಟಿ, ಅಲ್ಲಿನ ಪ್ಲಗ್ಗಿಗೆ ಹೊಂದುವ ಅಡಾಪ್ಟರು, ವಿಮೆಯ ಕಾಗದ ಎಲ್ಲ ಒಂದು ಚೀಲಕ್ಕೆ ಸೇರಿದವು. ವಿಮಾನದವರು ಸಾಮಾನು ಎಸೆಯುತ್ತಾರಂತೆ ಎಂದು ಠಾಣೆಯ ಇಬ್ಬರು ಬಂದು ಟ್ಯೂಬಾದ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಂದ ಎಸೆದು ನೋಡಿದರು. ಇನ್ನೂ ಸರಿಯಾಗಿ ಎಸೆಯಿರಿ ಎಂದು ಸಾಹೇಬರು ಕೆಳಗೆ ನಿಂತು ಹೇಳಿಕೊಟ್ಟರು. ಪೆಟ್ಟಿಗೆಗೆ ಏನೂ ಆಗಲಿಲ್ಲ, ಒಂದು ಮೆಟ್ಟಿಲು ಮಾತ್ರ ಮುಕ್ಕಾಯಿತು.

ಡ್ರಿಲ್ಲಿನ ದಿನ ಮನೆಯಲ್ಲಿ ಸಾಲಾಗಿ ಜೋಡಿಸಿದ ಕುರ್ಚಿಗಳ ವಿಮಾನದಲ್ಲಿ ಠಾಣೆಯವರು ಸೊಂಟಕ್ಕೆ ಏಣಿ ಹತ್ತುವ ಬೆಲ್ಟು ಬಿಗಿದು ಕೂತರು. ಪ್ರಯಾಣ ದೂರದ್ದಾದ್ದರಿಂದ ಬಹಳ ಹೊತ್ತು ಯಾರೂ ಏಳಲಿಲ್ಲ. ಒಬ್ಬ ನಿಜವಾಗಿಯೂ ವಾಂತಿ ಬರುತ್ತಿದೆ ಎಂದ. ಇಷ್ಟೆಲ್ಲ ಸುಸೂತ್ರವಾಗಿ ದಾಟಿ, ಕೊನೆಗೆ ಉಳಿದದ್ದು ಇಟಲಿಯ ಗಡಿ. ಊಟದ ಮೇಜಿನ ಹಿಂದೆ ಪಾಸ್‌ಪೋರ್ಟ್ ನೋಡುವ ಅಧಿಕಾರಿಯಾಗಿ ಸಾಹೇಬರು ಕೂರಿಸಿದ್ದು ತುತ್ತೂರಿಯ ಅತ್ತೆಯನ್ನು. ಹೆಂಡತಿಯ ತಾಯಿ. ದೊಡ್ಡಾಸ್ಪತ್ರೆಯ ವಾರ್ಡಿನ ಬಾಗಿಲು ಕಾದು ನಿವೃತ್ತರಾದವರು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಎಷ್ಟೋ ದೊಡ್ಡ ಮನುಷ್ಯರನ್ನು ಹೊರಗೇ ನಿಲ್ಲಿಸಿದ ಕೈ ಅವರದು.

ಅತ್ತೆ ಕನ್ನಡಕ ಏರಿಸಿ, ಅಳಿಯನ ಮುಖವನ್ನು ಹೊಸದಾಗಿ ನೋಡುತ್ತಿರುವವರಂತೆ ನೋಡಿದರು.

"ಯಾಕೆ ಬಂದಿದೀರಾ?"

ಸಂಗೀತ ಶಿಬಿರಕ್ಕೆ ಎಂದ ತುತ್ತೂರಿ. ಅದು ಎಲ್ಲಿಗೆ ಎಂಬುದಕ್ಕೆ ಉತ್ತರ, ಯಾಕೆ ಎಂಬುದಕ್ಕಲ್ಲ ಎಂದರು ಅತ್ತೆ. ಸಂಗೀತ ಕಲಿಯಲು ಎಂದ. ಇಷ್ಟು ವರ್ಷ ಕಲಿಯದವರು ಈಗ ಯಾಕೆ ಎಂದರು. ಕೌಶಲ ಹೆಚ್ಚಿಸಿಕೊಳ್ಳಲು ಎಂದ. ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯಿತು ಎಂದು ಪಾಸ್‌ಪೋರ್ಟನ್ನು ಮಡಿಸಿ ವಾಪಸ್ ಕೊಟ್ಟರು. ಒಳಗೆ ಬಿಡಲಿಲ್ಲ. ಸಾಹೇಬರು ಸೀಟಿ ಊದಿ, ಡ್ರಿಲ್ ಫೇಲ್ ಎಂದರು.

ಎಲ್ಲರೂ ನಕ್ಕು ಚಹಾ ಕುಡಿದು ಹೋದರು. ನಗು ಆವತ್ತಿಗೇ ಮುಗಿಯಿತು. ಮರುದಿನವೂ ಅತ್ತೆ ಬಿಡಲಿಲ್ಲ, ಅದರ ಮರುದಿನವೂ ಬಿಡಲಿಲ್ಲ. ಸಾಹೇಬರು ತಾವೇ ಒಂದು ಉತ್ತರ ಬರೆದು ಬಾಯಿಪಾಠ ಮಾಡಿಸಿದರು: ಇಲಾಖೆಯ ಸಾಂಸ್ಕೃತಿಕ ಸಾಮರ್ಥ್ಯದ ಸರ್ವತೋಮುಖ ಬಲವರ್ಧನೆಗಾಗಿ. ಅತ್ತೆ ಅದನ್ನು ಪೂರ್ತಿ ಕೇಳಿಸಿಕೊಂಡು, ಇದನ್ನು ಹೇಳಿಕೊಟ್ಟವರು ಯಾರೋ ಅವರನ್ನೇ ಕಳಿಸಿ, ನೋಡೋಣ ಎಂದರು. ಸಾಹೇಬರ ಕಿವಿ ಕೆಂಪಾಯಿತು, ಆದರೆ ತಾವೇ ಮಾಡಿದ ನಿಯಮವನ್ನು ಮುರಿಯುವ ಪೈಕಿಯಲ್ಲ ಅವರೂ. ಅಸಲಿ ವೀಸಾ ಜೇಬಿನೊಳಗಿನ ಜೇಬಿನಲ್ಲಿ ಬೆಚ್ಚಗಿತ್ತು, ಅಸಲಿ ಇಟಲಿ ಇವನಿಗೆ ಬಾಗಿಲು ತೆರೆದಿತ್ತು, ಊಟದ ಮೇಜು ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಸಹಿ ಬೀಳದ ರಜೆಯ ಅರ್ಜಿ ಸಾಹೇಬರ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ವಿಮಾನದ ದಿನ ಹತ್ತಿರವಾಗುತ್ತಿತ್ತು.

ಹೆಂಡತಿ ತಾಯಿಯನ್ನು ಅಡುಗೆಮನೆಗೆ ಕರೆದು ಬೇಡಿಕೊಂಡಳು.

"ಅಮ್ಮಾ, ಇದು ಬರೀ ಆಟ ಕಣಮ್ಮಾ. ಹೂಂ ಅಂದುಬಿಡು."

"ಹಾಗಾದ್ರೆ ಅವರು ಹೋಗೋದೂ ಆಟಾನಾ?" ಎಂದರು ಅತ್ತೆ.

ಊಟದ ಹೊತ್ತಿನಲ್ಲಿ ಅದೇ ಅತ್ತೆ ಅದೇ ಮೇಜಿನಲ್ಲಿ ಅಳಿಯನಿಗೆ ಎರಡನೇ ಸಲ ಬಡಿಸುತ್ತ, ಸರಿಯಾಗಿ ತಿನ್ನಿ, ಪ್ರಯಾಣದಲ್ಲಿ ಸೊರಗುತ್ತೀರಿ ಎನ್ನುತ್ತಿದ್ದರು. ತುತ್ತೂರಿಗೆ ತುತ್ತು ಇಳಿಯುತ್ತಿರಲಿಲ್ಲ. ಪ್ರಯಾಣಕ್ಕೆ ಬಿಡದವರು ಇವರೇ ಅಲ್ಲವೇ ಎಂದು ಕೇಳಬೇಕೆನ್ನಿಸಿ, ಕೇಳದೆ ನೀರು ಕುಡಿದ. ನಿಜ ಹೇಳಬೇಕೆಂದರೆ ಅವನಿಗೆ ಅತ್ತೆಯ ಮೇಲೆ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಆ ಪ್ರಶ್ನೆಗೆ ಅಸಲಿ ಉತ್ತರ ಅವನಿಗೆ ಮೊದಲ ದಿನವೇ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತಿತ್ತು.

ಕೊನೆಯ ಡ್ರಿಲ್ಲಿಗೆ ಠಾಣೆಯವರೆಲ್ಲ ಬಂದು ಗೋಡೆಗೊರಗಿ ನಿಂತರು. ಈಗಲೂ ಫೇಲಾದರೆ ಟಿಕೆಟ್ ರದ್ದು ಮಾಡುವುದೆಂದು ಸಾಹೇಬರು ತಗ್ಗಿದ ದನಿಯಲ್ಲಿ ಹೇಳಿದ್ದರು. ಅತ್ತೆ ಕನ್ನಡಕ ಏರಿಸಿದರು.

"ಯಾಕೆ ಬಂದಿದೀರಾ?"

ತುತ್ತೂರಿ ಬಾಯಿಪಾಠ ಶುರುಮಾಡಿದ. ಇಲಾಖೆಯ ಎಂದ, ಅಲ್ಲಿಗೇ ನಿಂತ. ಅತ್ತೆ ಕಾದರು. ಗಾಜಿನ ಲೋಟಗಳಿದ್ದ ಕಪಾಟಿನ ಕಡೆ ನೋಡುತ್ತ ಅವನು ಮಾತಾಡಿದ.

"ಇಷ್ಟು ವರ್ಷ ಬೇರೆಯವರ ರಾಗದ ಕೆಳಗೆ ಪೋಂ ಪೋಂ ಅಂದಿದೀನಿ ಅತ್ತೆ. ಬೇಜಾರಿಲ್ಲ. ಆದ್ರೆ ನನ್ನೊಳಗೂ ಒಂದು ರಾಗ ಇದೆ. ಪೈಪಿನ ಗೋಪುರದಲ್ಲಿ ಒಬ್ಬನೇ ನುಡಿಸ್ತೀನಿ, ಪ್ರತಿಸಲ ಸೈರನ್ ಹೊಡೀತದೆ. ಒಂದು ಸಲ ಅದನ್ನ ಕೊನೇವರೆಗೂ ನುಡಿಸ್ಬೇಕು. ಯಾರೋ ನಾಲ್ಕು ಜನ ಕೂತು ಕೇಳ್ಬೇಕು. ಅಷ್ಟೇ. ಇಲಾಖೆಗೆ ಇದ್ರಿಂದ ಏನೂ ಉಪಯೋಗ ಇಲ್ಲ."

ಬ್ಯಾಂಡಿನಲ್ಲಿ ರಾಗ ನುಡಿಸುವ ಇಬ್ಬರು ನೆಲ ನೋಡಿದರು.

"ಇದನ್ನ ಮೊದಲೇ ಹೇಳೋಕೇನಾಗಿತ್ತು?" ಎಂದರು ಅತ್ತೆ. "ವಾರ್ಡಿನ ಬಾಗಿಲಲ್ಲಿ ಎಲ್ಲರನ್ನೂ ಇದನ್ನೇ ಕೇಳ್ತಿದ್ದೆ. ತಡೆಯೋಕಲ್ಲ. ಒಳಗೆ ಹೋದೋರು ಯಾಕೆ ಹೋದ್ರು ಅಂತ ಹೊರಗೆ ಒಬ್ಬರಿಗಾದ್ರೂ ಗೊತ್ತಿರ್ಬೇಕು."

ಹಾಗೆಂದವರೇ ಮೇಜಿನ ಮೇಲಿದ್ದ ಮೊಹರನ್ನೆತ್ತಿಕೊಂಡರು. ಡ್ರಿಲ್ಲಿಗೆಂದು ಠಾಣೆಯಿಂದ ತಂದಿದ್ದ, ಬೆಂಕಿ ಆರಿಸುವ ಸಿಲಿಂಡರುಗಳ ಚೀಟಿಗೆ ಒತ್ತುವ ಮೊಹರು ಅದು. ಅಸಲಿ ಪಾಸ್‌ಪೋರ್ಟಿನ ಮೇಲೆ ಬೀಳುವುದರಲ್ಲಿತ್ತು, ಹೆಂಡತಿ ಪಾಸ್‌ಪೋರ್ಟನ್ನು ಕಸಿದುಕೊಂಡಳು. ತುತ್ತೂರಿ ಗಾಬರಿಯಲ್ಲಿ ಕೈ ಅಡ್ಡ ಹಿಡಿದ. ಪರೀಕ್ಷಿಸಲಾಗಿದೆ, ಬಳಕೆಗೆ ಯೋಗ್ಯ ಎಂದು ಅಂಗೈ ಮೇಲೆ ನೀಲಿ ಅಕ್ಷರ ಮೂಡಿತು. ಸಾಹೇಬರು ಜೇಬಿನಲ್ಲಿ ತಂದಿದ್ದ ಅರ್ಜಿ ತೆಗೆದು, ಅಲ್ಲೇ ನಿಂತು ರಜೆಗೆ ಸಹಿ ಹಾಕಿದರು.

ಇಟಲಿಯ ವಿಮಾನ ನಿಲ್ದಾಣದಲ್ಲಿ ಸಾಲು ಉದ್ದಕ್ಕಿತ್ತು. ಸಾಲಿನುದ್ದಕ್ಕೂ ತುತ್ತೂರಿ ತನ್ನ ಉತ್ತರವನ್ನು ಬರುವಷ್ಟು ಇಂಗ್ಲಿಷಿನಲ್ಲಿ ಹೊಂದಿಸಿಕೊಂಡ. ಈ ಸಲ ನಾಚಿಕೆ ಇರಲಿಲ್ಲ. ಸರದಿ ಬಂತು. ಗಾಜಿನ ಹಿಂದೆ ಕೂತಿದ್ದ ಹುಡುಗಪ್ರಾಯದ ಅಧಿಕಾರಿ ಆಕಳಿಸುತ್ತ ಪಾಸ್‌ಪೋರ್ಟ್ ತೆರೆದ, ಮುಖ ನೋಡಿದ, ಮೊಹರು ಒತ್ತಿ ಆಚೆ ತಳ್ಳಿದ. ತುತ್ತೂರಿ ಕದಲಲಿಲ್ಲ, ಪ್ರಶ್ನೆಗಾಗಿ ಕಾದ. ಅಧಿಕಾರಿ ಹಿಂದಿನವರನ್ನು ಕೈಸನ್ನೆ ಮಾಡಿ ಕರೆದ. ನಾನು ಬಂದಿದ್ದು ಏಕೆಂದರೆ ಎಂದು ತುತ್ತೂರಿ ಶುರುಮಾಡುವಷ್ಟರಲ್ಲಿ ಹಿಂದಿನವನ ಸೂಟ್‌ಕೇಸು ಅವನ ಮೊಣಕಾಲಿಗೆ ಬಡಿಯಿತು.

ಟ್ಯೂಬಾದ ಪೆಟ್ಟಿಗೆ ಬರುವ ಜಾಗದಲ್ಲಿ ನಿಂತು ಮನೆಗೆ ಫೋನ್ ಮಾಡಿದ. ಹೆಂಡತಿ ಊಟ, ನಿದ್ದೆ, ಜೇಬುಗಳ ಕುಶಲ ವಿಚಾರಿಸಿ ಫೋನನ್ನು ತಾಯಿಯ ಕೈಗೆ ಕೊಟ್ಟಳು.

"ಒಳಗೆ ಬಿಟ್ರಾ?"

"ಬಿಟ್ರು ಅತ್ತೆ. ಏನೂ ಕೇಳ್ಲಿಲ್ಲ."

"ಏನೂ ಕೇಳ್ಲಿಲ್ವಾ?"

"ಒಂದು ಮಾತೂ ಇಲ್ಲ."

ಆ ಕಡೆ ಅತ್ತೆ, ಇದೆಂಥ ಬಾಗಿಲು ಕಾಯುವ ರೀತಿ ಎಂದು ತಮ್ಮಷ್ಟಕ್ಕೆ ಗೊಣಗಿದ್ದು ಅವನಿಗೆ ಕೇಳಿಸಿತು.

"ಹೋಗ್ಲಿ ಬಿಡಿ ಅಳಿಯಂದ್ರೇ," ಎಂದರು ಆಮೇಲೆ. "ಯಾಕೆ ಹೋಗಿದೀರಾ ಅಂತ ನನಗೆ ಗೊತ್ತಲ್ಲ."