ಸ್ಮರಣಾರ್ಥದ ಕಪಾಟುಗಳು

ಐನಾಪುರದ ನಮ್ಮ ವಾಚನಾಲಯದಲ್ಲಿ ಪುಸ್ತಕಕ್ಕಿಂತ ಸತ್ತವರ ಹೆಸರು ಎದ್ದು ಕಾಣುತ್ತಿತ್ತು. ಕಪಾಟು ಕೊಟ್ಟವರೆಲ್ಲ ಅದರ ನೆತ್ತಿಗೆ ‘ಇಂಥವರ ಸ್ಮರಣಾರ್ಥ’ ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದರು. ಒಳಗೇನಿದೆ ಎಂದು ಒಬ್ಬರೂ ಬರೆಸಿರಲಿಲ್ಲ. ಎದುರಿಗಿರುವ ನನ್ನ ಅಂಗಡಿಯ ಚೀಲದ ಮೇಲೆ ಮಾಲಿನ ಹೆಸರು ಬಿಟ್ಟು ತೀರಿಹೋದ ನಮ್ಮ ಅಜ್ಜ-ಮುತ್ಯಾನ ಹೆಸರು ಬರೆದರೆ ಯಾರು ಕೊಂಡಾರು? ಓದುವವರು ಬರಲಿಲ್ಲ. ಯುಗಾದಿಯವರೆಗೂ ಹೀಗೇ ಇದ್ದರೆ ಕೋಣೆಯನ್ನು ಮದುವೆ ಪಾತ್ರೆ ಇಡಲು ಕೊಡುವುದೆಂದು ಕಮಿಟಿ ಠರಾವು ಮಾಡಿತು.

ಅಲ್ಲಿ ಪುಸ್ತಕ ನೋಡಿಕೊಳ್ಳುವಾಕೆ ರಾಜಮತಿಬಾಯಿ. ಗಂಡ ತೀರಿದ ಮೇಲೆ ಆ ಸಂಬಳದಿಂದಲೇ ಮನೆ ನಡೆಯಬೇಕು. ಒಂದೊಂದೇ ಪುಸ್ತಕದ ಯಾದಿ ಮಾಡಲು ವೇಳೆ ಇರಲಿಲ್ಲ. ಆಕೆ ಕಪಾಟಿಗೊಂದು ಹಲಗೆ ಬರೆದು, ರಸ್ತೆಗೆ ಕಾಣುವಂತೆ ಹೊರಗೋಡೆಗೆ ತೂಗುಹಾಕಿದಳು. ದ್ರಾಕ್ಷಿಯ ದೊಡ್ಡ ಬೆಳೆಗಾರ ತವನಪ್ಪ ಕೊಟ್ಟ ಕಪಾಟಿನದು ಹೀಗಿತ್ತು: “ತವನಪ್ಪನವರ ತಂದೆ ಕೂಡಿಸಿದ್ದು. ಎಲ್ಲವೂ ದ್ರಾಕ್ಷಿ ಬೇಸಾಯದ ಮೇಲೆ. ಬೂದಿ ರೋಗದ ಬಗ್ಗೆ ಬಹಳ ಇದೆ. ಹೆಚ್ಚಿನವು ಮರಾಠಿ. ಕೆಳಗಿನ ಸಾಲಿಗೆ ಗೆದ್ದಲು ಹತ್ತಿದೆ.”

ಮರುವಾರವೇ ತೋಟದವರು ಬರತೊಡಗಿದರು. ಉಗಾರದ ಕಡೆಯಿಂದ ಮುರಗೆಪ್ಪನೆಂಬ ರೈತ ಬೈಕಿನಲ್ಲಿ ಬಂದ. ಬೆಂಚು ಸಾಲದಾಯಿತು. ಅವರ ಹಿಂದೆಯೇ ತವನಪ್ಪನೂ ಬಂದ.

“ರಾಜಮತಿಬಾಯಿ, ನಮ್ಮಪ್ಪನ ಹೆಸರಿನ ಕೆಳಗ ಗೆದ್ದಲು ಅಂತ ಬರೀತೀರೇನ್ರಿ?”

“ಗೆದ್ದಲು ಐತಲ್ರಿ ಅಣ್ಣಾ.”

“ಇದ್ರ ಇರಲಿ! ಊರಿಗೆಲ್ಲ ಯಾಕ ಸಾರಬೇಕು?”

“ದೂರದಿಂದ ಬರೋರಿಗೆ ಮೊದಲ ಗೊತ್ತಿರಬೇಕ್ರಿ.”

“ಒಂದು ಸಾಲು ಅಳಿಸಿಬಿಡು ತಂಗಿ, ಗೆದ್ದಲೇನೂ ಸಿಟ್ಟಾಗೂದಿಲ್ಲ,” ಎಂದೆ ನಾನು. ಆಕೆ ಅಳಿಸಲಿಲ್ಲ. ತವನಪ್ಪ ಟ್ರ್ಯಾಕ್ಟರ್ ತರಿಸಿ, ಗೆದ್ದಲು ಸಮೇತ ಕಪಾಟನ್ನು ಮನೆಗೆ ಒಯ್ದ.

ಇನ್ನು ಹಲಗೆ ಇಳಿಸುತ್ತಾಳೆ ಎಂದುಕೊಂಡೆ. ಆಕೆ ಬ್ರಷ್ ಹಿಡಿದು ಇನ್ನೊಂದು ಸಾಲು ಸೇರಿಸಿದಳು: “ಈಗ ತವನಪ್ಪನವರ ಮನೆಯಲ್ಲಿದೆ. ಅಲ್ಲಿ ಕೇಳಿರಿ.”

“ಹುಚ್ಚಿ ಏನ್ ತಂಗಿ ನೀ?” ಎಂದೆ. “ನಿನ್ನ ಗಿರಾಕಿನ್ನ ಬ್ಯಾರೆ ಅಂಗಡಿಗೆ ಕಳಸಾಕತ್ತಿ. ಇಲ್ಲಿ ಮಂದಿ ಬರಲಿಲ್ಲಂದ್ರ ಪಾತ್ರಿ ಬರ್ತಾವ.”

“ಗೊತ್ತೈತ್ರಿ ಅಣ್ಣಾ. ಆದ್ರ ಪುಸ್ತಕ ಇರೋದು ಅಲ್ಲೇ ಅಲ್ರಿ?”

ನಾನು ರಸ್ತೆ ದಾಟಿ ಅಂಗಡಿಗೆ ಬಂದೆ.

ಯುಗಾದಿ ಹತ್ತಿರ ಬಂದಾಗ ಮುರಗೆಪ್ಪ ಮತ್ತೆ ಬಂದ. ಬೈಕಿನ ಮೇಲೆ ಕೂತೇ ಹಲಗೆ ಓದಿದ.

“ತವನಪ್ಪನವರ ಮನಿ ಯಾವ ಕಡೆ ಬರ್ತೈತ್ರಿ?”

ರಾಜಮತಿಬಾಯಿ ಬಾಗಿಲಿಗೆ ಬಂದು, ಕೈ ಚಾಚಿ ದಾರಿ ತೋರಿಸಿದಳು. ಅವನು ಮೆಟ್ಟಿಲು ಹತ್ತದೆ ಹೊರಟ. ಒಳಗೆ, ಕಪಾಟು ಹೋದ ಜಾಗದಲ್ಲಿ ದೊಡ್ಡ ಹಂಡೆ ಕೂತೀತೋ ಇಲ್ಲವೋ ಎಂದು ಕಮಿಟಿಯ ಚೇರಮನ್ನರು ಟೇಪು ಹಚ್ಚಿ ಅಳೆಯುತ್ತಿದ್ದರು.