ಕೆಲಸ ಕೇಳಿದರೆ ಶಾಲು ಹೊದಿಸುವ ಊರು

ಬನಹಟ್ಟಿಗೆ ಬಂದ ಮರುದಿನ ಬೆಳಿಗ್ಗೆ ತರಕಾರಿ ತರಲು ಹೋದೆ. ಶಾಲೆಯೊಂದರ ಎದುರು ಗೋಣಿತಟ್ಟು ಹಾಸಿಕೊಂಡು ಕೂತಿದ್ದ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಏನ್ ಬೇಕ ಬೇ ಯವ್ವಾ?" ಎಂದಳು.

ಎಪ್ಪತ್ತು ವರ್ಷದ ಬಾಳಿನಲ್ಲಿ ಯಾರೂ ನನ್ನನ್ನು 'ಬೇ' ಎಂದಿರಲಿಲ್ಲ. ಮೈಸೂರಿನಲ್ಲಿ ಕಾನ್ವೆಂಟಿನ ಮಕ್ಕಳು ನನ್ನನ್ನು 'ಮಿಸ್' ಎನ್ನುತ್ತಿದ್ದರು. ಅವರನ್ನು ಕೇಳಿ ಹಾಲಿನವನೂ 'ಮಿಸ್' ಎನ್ನತೊಡಗಿದ್ದ. ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಮದುವೆಯಾಗಿ ಬಂದು ಮಾತಿನಲ್ಲೂ ಈ ಊರಿನವಳೇ ಆಗಿಹೋದ ತಂಗಿ ಶಾಂತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಕಿ ಮಲ್ಲವ್ವ. ಪ್ರೀತೀಲೆ ಅಂದಾಳಕ್ಕ. ಇಲ್ಲಿ ಮಗಳಿಗೂ ಬೇ, ಅವ್ವಗೂ ಬೇ. ಯಾರರೆ ನಿನಗ 'ರೀ' ಹಚ್ಚಿ ಮಾತಾಡಿದ್ರ ಆವಾಗ ಹೆದರು."

ಆಗ ನಾನೂ ನಕ್ಕೆ. ಅವಳು ಎಷ್ಟು ನಿಜ ಹೇಳಿದಳೆಂದು ಆಮೇಲೆ ಗೊತ್ತಾಯಿತು.

ಮೈಸೂರಿನ ಗೆಳತಿಯರೆಲ್ಲ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಆ ಮಗ್ಗದ ಸದ್ದಿನಲ್ಲಿ ಹೇಗೆ ಇರ್ತೀಯಾ?" ಎಂದು. ಸದ್ದು ಇದೆ. ಓಣಿಯ ಪ್ರತಿ ಮನೆಯಲ್ಲೂ ಪವರ್‌ಲೂಮ್ ಬಡಿಯುತ್ತದೆ, ಶೆಲ್ಫಿನಲ್ಲಿಟ್ಟ ಕಪ್‌-ಸಾಸರುಗಳು ಸಣ್ಣಗೆ ನಡುಗುತ್ತಿರುತ್ತವೆ. ಆದರೆ ವಾರದಲ್ಲೇ ಕಿವಿ ಒಗ್ಗಿಹೋಯಿತು. ಈಗ ಕರೆಂಟ್ ಹೋದರೇ ದಿಗಿಲು. ಊಟವೂ ಒಗ್ಗಿತು. ನಮ್ಮ ಕಡೆ ಸಾರಿಗೆ ಚೂರು ಬೆಲ್ಲ ಹಾಕದಿದ್ದರೆ ಸಮಾಧಾನವಿಲ್ಲ. ಇಲ್ಲಿ ಬೆಲ್ಲದ ಪೇಟೆ ಮಹಾಲಿಂಗಪುರ ಪಕ್ಕದಲ್ಲೇ ಇದ್ದರೂ ಪಲ್ಯಕ್ಕೆ ಖಾರವೇ. ಮೊದಲು ಮೂಗು ಒರೆಸಿಕೊಳ್ಳುತ್ತ ರೊಟ್ಟಿ ಮುರಿಯುತ್ತಿದ್ದೆ. ಈಗ ಶೇಂಗಾ ಚಟ್ನಿ ತಟ್ಟೆಯಲ್ಲಿ ಇಲ್ಲದಿದ್ದರೆ ನಾನೇ ಕೇಳುತ್ತೇನೆ.

ಒಗ್ಗದೇ ಇರುವುದು ಸುಮ್ಮನೆ ಕೂರುವುದು.

ಶಾಂತಾಳ ಗಂಡ ತೀರಿಕೊಂಡ ಮೇಲೆ ಅವಳೇ ನನ್ನನ್ನು ಕರೆಸಿಕೊಂಡಳು. ನಾನು ಮದುವೆಯಾಗಲಿಲ್ಲ. ರಿಟೈರ್ ಆದ ಮೇಲೆ ಮೈಸೂರಿನಲ್ಲಿ ಹಳೆಯ ಗೆಳತಿ ಫಿಲೋಮಿನಾಳ ಮನೆಯಲ್ಲಿ ಒಂದು ರೂಮು, ಒಂದು ಮಂಚ, ಸಂಜೆ ನಾಲ್ಕಾರು ಮಕ್ಕಳಿಗೆ ಟ್ಯೂಷನ್ ಎಂದು ಇದ್ದವಳು. ಇಲ್ಲಿ ಶಾಂತಾಳ ಸೊಸೆ ರೇಣುಕಾ ನನ್ನ ಕೈಯಿಂದ ಲೋಟವನ್ನೂ ಕಿತ್ತುಕೊಳ್ಳುತ್ತಾಳೆ. "ನೀವ ಕುಂದರ್ರಿ ದೊಡ್ಡವ್ವಾ, ನಾ ಅದೀನಲ್ರಿ." ಸೊಪ್ಪು ಸೋಸಲು ಕೂತರೆ ಮೊರ ಮಾಯ. ಬಟ್ಟೆ ಮಡಿಸಲು ಹೋದರೆ, "ಎಂಥಾ ಕೆಲಸ ಮಾಡ್ತೀರಿ ನೀವು" ಎಂದು ಬೇಸರ. ಒಳ್ಳೆಯ ಹುಡುಗಿ. ಅದೇ ನನ್ನ ಕಷ್ಟ, ಯಾರ ಮೇಲೂ ಕಂಪ್ಲೇಂಟ್ ಮಾಡುವ ಹಾಗಿಲ್ಲ.

ಬರುವಾಗಲೇ ಫಿಲೋಮಿನಾಳಿಗೆ ಹೇಳಿದ್ದೆ: "ಜೂನ್‌ನೊಳಗೆ ಅಲ್ಲಿ ಒಂದು ಕೆಲಸ ಸಿಕ್ಕರೆ ಉಳಿಯುತ್ತೇನೆ, ಇಲ್ಲದಿದ್ದರೆ ವಾಪಸ್. ಅಲ್ಲಿಯವರೆಗೆ ಮಂಚ ಯಾರಿಗೂ ಕೊಡಬೇಡ." ತಂಗಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಕೂತು ತಿನ್ನಲೂ ಮನಸ್ಸಿಲ್ಲ. ಬೆಳಿಗ್ಗೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ಹೋಗಲು ಒಂದು ಜಾಗ ಬೇಕು, ಅಷ್ಟೇ.

ಜಮಖಂಡಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಸ್ಪೋಕನ್ ಇಂಗ್ಲಿಷ್‌ಗೆ ಜನ ಬೇಕೆಂದು ಬೋರ್ಡು ನೋಡಿ ಹೋದೆ. ಚಹಾ ಕೊಟ್ಟರು, ಕಾಲು ಮುಟ್ಟಿ ನಮಸ್ಕರಿಸಿದರು, ಇನ್ನೊಬ್ಬಳನ್ನು ತೆಗೆದುಕೊಂಡರು. ಮುಧೋಳದ ಒಂದು ಕಾಲೇಜಿನಲ್ಲಿ ಶಾಲು ಹೊದಿಸಿದರು, ಕೆಲಸ ಇನ್ನೊಬ್ಬನಿಗೆ. ನನಗೊಂದು ಕೆಟ್ಟ ಚಟ ಅಂಟಿಕೊಂಡಿತು: ಕೆಲಸ ಸಿಕ್ಕವರನ್ನು ಹೋಗಿ ನೋಡುವುದು. ಜಮಖಂಡಿಗೆ ಔಷಧಿಯ ನೆಪ ಹೇಳಿ ಹೋಗಿ, ಆ ಕೋಚಿಂಗ್ ಕ್ಲಾಸಿನ ಕಿಟಕಿಯ ಕೆಳಗೆ ಬಸ್ಸಿಗೆ ಕಾಯುವವಳಂತೆ ನಿಂತೆ. ಒಳಗಿದ್ದ ಹುಡುಗಿ 'ವೆಡ್ನೆಸ್ ಡೇ' ಎಂದು ಡಕಾರ ಒತ್ತಿ ಹೇಳಿಕೊಡುತ್ತಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಬನಹಟ್ಟಿ ಮುಟ್ಟುವಷ್ಟರಲ್ಲಿ ಖುಷಿ ಇಳಿದಿತ್ತು. ಅವಳ ಕ್ಲಾಸಿನಲ್ಲಿ ಬೆಂಚು ತುಂಬ ಮಕ್ಕಳಿದ್ದರು. ನನ್ನ ಸರಿಯಾದ ಉಚ್ಚಾರ ನನ್ನ ಬಾಯಲ್ಲೇ ಇತ್ತು.

ಕೊನೆಗೆ ಉಳಿದದ್ದು ಮಲ್ಲವ್ವನ ತರಕಾರಿಯ ಎದುರಿನ ಶಾಲೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಪ್ರೈಮರಿ ಮಕ್ಕಳಿಗೆ ಇಂಗ್ಲಿಷ್ ಟೀಚರ್ ಬೇಕಾಗಿತ್ತು. ಬಯೋಡೇಟಾ ಹಿಡಿದು ಹೋದರೆ ಚೇರ್ಮನ್ ಅಪ್ಪಾಸಾಹೇಬರು ಎದ್ದು ನಿಂತರು. ಹಾಳೆಯನ್ನು ಬಿಡಿಸದೆ ಕಣ್ಣಿಗೊತ್ತಿಕೊಂಡು ಡ್ರಾಯರಿನಲ್ಲಿಟ್ಟರು. "ನಿಮ್ಮಂಥಾವ್ರು ನಮ್ಮ ಸಾಲಿಗಿ ಬರೂದಂದ್ರ ನಮ್ಮ ಪುಣ್ಯಾರಿ. ಸೋಮವಾರ ಇಂಟರ್‌ವ್ಯೂ ಇಟ್ಟೇವ್ರಿ, ತಪ್ಪಸಬ್ಯಾಡ್ರಿ."

ನಾನು ಮೂರು ಸಂಜೆ ರಿಹರ್ಸಲ್ ಮಾಡಿದೆ. ಶಾಂತಾ ಕನ್ನಡಕ ಹಾಕಿಕೊಂಡು ಪ್ರಶ್ನೆ ಕೇಳುವವಳಾದಳು. "ಈ ಕೆಲಸ ನಿಮಗ್ಯಾಕ ಬೇಕ್ರಿ?" ನಾನು ಇಂಗ್ಲಿಷಿನಲ್ಲಿ ಮಕ್ಕಳ ಮೇಲಿನ ಪ್ರೀತಿ, ಸೇವೆ, ಭಾಷೆಯ ಸೊಬಗು ಎಂದೆಲ್ಲ ಹೇಳಿದೆ. ಶಾಂತಾ ಆಕಳಿಸಿದಳು. "ನನಗೇನ ತಿಳೀಲಿಲ್ಲ. ಆದ್ರ ಇದು ನೀ ಅಲ್ಲಕ್ಕ."

ಸೋಮವಾರ ಬಿಳಿ ವಾಯಿಲ್ ಸೀರೆ ಉಟ್ಟು ಹೋಗಿ ಹೊರಗಿನ ಬೆಂಚಿನಲ್ಲಿ ಉಳಿದ ಹುಡುಗಿಯರ ಜೊತೆ ಕೂತೆ. ಪ್ಯೂನ್ ಓಡಿ ಬಂದ. "ಅಯ್ಯ, ಇಲ್ಲ್ಯಾಕ ಕುಂತೀರಿ ಮೇಡಮ್ಮಾರ? ಒಳಗ ಎಲ್ಲಾರೂ ನಿಮ್ಮ ಹಾದೀನ ನೋಡಾಕತ್ತಾರ." ಮೊದಲು ನನ್ನನ್ನೇ ಕರೆಯುತ್ತಿದ್ದಾರೆಂದು ನೆರಿಗೆ ಸರಿಮಾಡಿಕೊಂಡು ಎದ್ದೆ. ಒಳಗೆ ಉದ್ದನೆಯ ಮೇಜು. ಈ ಕಡೆ ಒಂದೇ ಒಂಟಿ ಕುರ್ಚಿ. ನಾನು ಅದರ ಬೆನ್ನು ಹಿಡಿದೆ. ಅಪ್ಪಾಸಾಹೇಬರು, "ಅಲ್ಲಲ್ಲ, ಈ ಕಡೆ ಬರ್ರಿ" ಎಂದು ತಮ್ಮ ಮತ್ತು ಹೆಡ್ ಮಾಸ್ತರರ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಹಾರ ಹಾಕಿದರು. ಶಾಲು ಹೊದಿಸಿದರು. ನಾನು ಆರಿಸುವವಳಾಗಲು ಬಂದಿದ್ದೇನೆಂದು ಅವರು ತಿಳಿದಿದ್ದರು. ಈ ವಯಸ್ಸಿನ ಹೆಂಗಸು ಕೆಲಸ ಕೇಳಿಕೊಂಡು ಬಂದಾಳೆಂದು ಅಂದುಕೊಳ್ಳುವುದೇ ಅವರ ಲೆಕ್ಕದಲ್ಲಿ ನನಗೆ ಮಾಡುವ ಅವಮಾನವಾಗಿತ್ತು.

ಅಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡು, ಚೆಂಡುಹೂವಿನ ಹಾರದಲ್ಲಿ ಗದ್ದ ಹೂತುಕೊಂಡು, 'ನಾನೂ ಕ್ಯಾಂಡಿಡೇಟು' ಎಂದು ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ.

ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ನಾನು ಪ್ರಶ್ನೆ ಕೇಳುತ್ತಿದ್ದೆ, ಅವರು ಉತ್ತರಿಸುವ ಮುಂಚೆ ಮನಸ್ಸಿನಲ್ಲೇ ನಾನು ಉತ್ತರಿಸುತ್ತಿದ್ದೆ. ಒಬ್ಬಳ ಇಂಗ್ಲಿಷ್ ಸರಾಗ, ಆದರೆ ಮಕ್ಕಳ ಮೇಲಿನ ಪ್ರೀತಿ, ಸೇವೆ ಎಂದು ನಾನು ಉರು ಹೊಡೆದಿದ್ದನ್ನೇ ಒಪ್ಪಿಸಿದಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಟೊಳ್ಳು. ಇನ್ನೊಬ್ಬಳು ಹೆದರಿ ಅತ್ತೇಬಿಟ್ಟಳು.

ಕೊನೆಯವಳು ಸುಜಾತಾ. ತವರು ಗಲಗಲಿ, ಕೊಟ್ಟದ್ದು ಮಹಾಲಿಂಗಪುರಕ್ಕೆ. ಪಾಠ ಮಾಡಿ ತೋರಿಸು ಎಂದಾಗ ಮಾಡಿದಳು, ಚೆನ್ನಾಗಿಯೇ ಇತ್ತು. ಆಮೇಲೆ ನಾನು ನನ್ನ ಪ್ರಶ್ನೆ ಕೇಳಿದೆ. ಈ ಕೆಲಸ ನಿನಗೆ ಯಾಕೆ ಬೇಕು?

ಅವಳು ಸೆರಗಿನ ತುದಿ ಹಿಡಿದುಕೊಂಡು, "ಮನ್ಯಾಗ ಕುಂತ ಕುಂತ ಸಾಕಾಗೇತ್ರಿ ಮೇಡಂ" ಎಂದಳು.

ಹೆಡ್ ಮಾಸ್ತರರು ನಕ್ಕರು. "ಇಂಗ್ಲಿಷ್‌ನ್ಯಾಗ ಹೇಳವ್ವಾ."

"ಐ ಆಮ್ ಟೈರ್ಡ್ ಆಫ್ ಸಿಟ್ಟಿಂಗ್ ಅಟ್ ಹೋಮ್, ಸರ್."

ನಾನು ತಪ್ಪು ಹುಡುಕಿದೆ. ಗ್ರಾಮರ್ ಸರಿ, ಉಚ್ಚಾರ ಸರಿ. ಅವಳಿಗಿಂತ ನಾನು ಚೆನ್ನಾಗಿ ಹೇಳಬಲ್ಲೆ ಎಂದು ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಮೂರು ಸಂಜೆ ರಿಹರ್ಸಲ್ ಮಾಡಿಯೂ ಬಾಯಿಗೆ ಬಾರದಿದ್ದ ನನ್ನ ಉತ್ತರ ಅದು.

ಹುಡುಗಿಯರು ಹೊರಗೆ ಹೋದ ಮೇಲೆ ಅಪ್ಪಾಸಾಹೇಬರು ನನ್ನ ಕಡೆ ತಿರುಗಿದರು. "ನೀವ ಹೇಳ್ರಿ ಮೇಡಂ. ಯಾರನ್ನ ತಗೊಳ್ಳೂಣು?"

ನಾನು ಹೇಳಿದೆ. ಹೇಳಲಿಲ್ಲವೆಂದು ಯಾರೂ ಅನ್ನಬಾರದು. "ನನ್ನನ್ನೇ ತಗೊಳ್ಳಿ" ಎಂದೆ.

ಮೇಜಿನವರೆಲ್ಲ ಹೊಟ್ಟೆ ತುಂಬ ನಕ್ಕರು. ಹೆಡ್ ಮಾಸ್ತರರು ಕಣ್ಣೊರೆಸಿಕೊಂಡರು. "ಭಾಳ ಚಾಷ್ಟಿ ಮಾಡ್ತೀರಿ ಮೇಡಂ ನೀವು. ಖರೇ ಹೇಳ್ರಿ ಈಗ." ಚಾಷ್ಟಿ ಅಂದರೆ ತಮಾಷೆ. ಅಷ್ಟು ಜನ ನಗುವಾಗ ನನ್ನ ಮುಖವೂ ತಾನಾಗಿ ನಕ್ಕಿತು.

"ಸುಜಾತಾ" ಎಂದೆ.

ಗೇಟಿನವರೆಗೆ ಕಳಿಸಲು ಬಂದ ಅಪ್ಪಾಸಾಹೇಬರು, ಈ ಸಲದ ಗ್ಯಾದರಿಂಗ್‌ಗೆ ನೀವೇ ಚೀಫ್ ಗೆಸ್ಟ್ ಎಂದು ಮಾತು ತೆಗೆದುಕೊಂಡರು. ನಮ್ಮಲ್ಲಿ ಸ್ಕೂಲ್ ಡೇ ಅನ್ನುವುದಕ್ಕೆ ಇಲ್ಲಿ ಗ್ಯಾದರಿಂಗ್ ಅನ್ನುತ್ತಾರೆ. ಮನೆಯಲ್ಲಿ ಶಾಂತಾ ನನ್ನ ಮುಖ ನೋಡಿದಳು, ಶಾಲು ನೋಡಿದಳು, ನೀರು ತಂದುಕೊಟ್ಟಳು. ರೇಣುಕಾ ಮಾತ್ರ ಮಗ್ಗದ ಮನೆಯ ಸೊಸೆಯಲ್ಲವೇ, ಶಾಲಿನ ಅಂಚನ್ನು ಬೆರಳಿನಲ್ಲಿ ಉಜ್ಜಿ, "ಇದು ನಮ್ಮೂರಿಂದಲ್ಲ ದೊಡ್ಡವ್ವಾ, ಹೊರಗಿನ ಮಾಲ ಐತಿ" ಎಂದಳು.

ಜೂನ್ ಬಂತು. ಫಿಲೋಮಿನಾ ಫೋನ್ ಮಾಡಿದಳು. "ಯಾರೋ ರೂಮ್ ಕೇಳ್ತಾ ಇದ್ದಾರೆ ಕಣೇ. ನಿನ್ನ ಮಂಚ ಕೊಟ್ಟುಬಿಡಲಾ, ಇಟ್ಟಿರಲಾ?" ಒಳಗೆ ಶಾಂತಾ ಕೆಮ್ಮುತ್ತ ಕೇಳಿಸಿಕೊಳ್ಳುತ್ತಿದ್ದಳು. ನನಗೆ ಕೊಡು ಎನ್ನಲೂ ಆಗಲಿಲ್ಲ, ಇಡು ಎನ್ನಲೂ ಆಗಲಿಲ್ಲ. "ಮಗ್ಗದ ಸದ್ದಿನಲ್ಲಿ ಕೇಳಿಸ್ತಾ ಇಲ್ಲ, ಆಮೇಲೆ ಮಾಡ್ತೀನಿ" ಎಂದೆ. ಆಗ ಕರೆಂಟ್ ಇರಲಿಲ್ಲ.

ಈಗ ಬೆಳಿಗ್ಗೆ ತರಕಾರಿಗೆ ನಾನೇ ಹೋಗುತ್ತೇನೆ. ಅದೊಂದನ್ನು ರೇಣುಕಾಳಿಂದ ಜಗಳವಾಡಿ ಇಸಿದುಕೊಂಡಿದ್ದೇನೆ. ಮಹಾಲಿಂಗಪುರದ ಬಸ್ಸಿಳಿದು ಸುಜಾತಾ ಲಗುಬಗೆಯಿಂದ ಬರುತ್ತಾಳೆ. ನನ್ನನ್ನು ಕಂಡರೆ ಚಪ್ಪಲಿ ಬಿಟ್ಟು ಕಾಲು ಮುಟ್ಟುತ್ತಾಳೆ. "ನೀವ ಇರದಿದ್ರ ನನಗ ಈ ನೌಕರಿ ಸಿಗತಿರಲಿಲ್ರಿ ಮೇಡಂ." ನಾನು 'ಗಾಡ್ ಬ್ಲೆಸ್ ಯೂ' ಎನ್ನುತ್ತೇನೆ. ಅವಳ ಮೇಲೆ ಸಿಟ್ಟು ಮಾಡಲು ಎಷ್ಟು ಪ್ರಯತ್ನಪಟ್ಟರೂ ಬರುವುದಿಲ್ಲ. ಅವಳ ನೆರಿಗೆ ಮಾತ್ರ ಸರಿಯಿರುವುದಿಲ್ಲ. ಅದನ್ನು ದಿನಾ ಗಮನಿಸುತ್ತೇನೆ.

ಮೊನ್ನೆ ಮಲ್ಲವ್ವ ತನ್ನ ತಟ್ಟಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು. "ಬಿಸಲಾಗ ಎಷ್ಟೊತ್ತ ನಿಂದರ್ತಿ? ಕುಂದ್ರ ಬಾ ಬೇ." ಕೂತೆ. ಮೆಂತ್ಯದ ಸಿವುಡು ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು, ಹಣ್ಣೆಲೆ ತೆಗೆಯಲು. ಈ ಊರಲ್ಲಿ ನನ್ನ ಕೈಗೆ ಯಾರಾದರೂ ಕೆಲಸ ಕೊಟ್ಟದ್ದು ಅದೇ ಮೊದಲು. ಅಷ್ಟರಲ್ಲಿ ಎದುರು ಶಾಲೆಯ ಗಂಟೆ ಹೊಡೆಯಿತು. ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಸೊಪ್ಪೆಲ್ಲ ಕಾಲ ಬಳಿ ಚೆಲ್ಲಿತ್ತು, ಕೈ ನೆರಿಗೆ ಸರಿಮಾಡುತ್ತಿತ್ತು.

ಮಲ್ಲವ್ವ ತಲೆ ಎತ್ತಿ ನೋಡಿದಳು. ನಗಲಿಲ್ಲ.

"ಕುಂದ್ರ ಬೇ ಯವ್ವಾ," ಎಂದಳು, ಸೊಪ್ಪು ಬಾಚಿಕೊಳ್ಳುತ್ತ. "ಆ ಗಂಟಿ ನಿಂದಲ್ಲ."