ರುಮಾಲು ಹರಿದ ಕಳಕಮ್ಮ

ಲಡಾಯಿಯ ಕಾಲದಲ್ಲಿ ನಮ್ಮ ಕಡೆ ಮೊದಲು ಮಾಯವಾದದ್ದು ಸೀಮೆಎಣ್ಣೆ, ಆಮೇಲೆ ಅರಿವೆ. ಎಣ್ಣೆ ಇಲ್ಲದಿದ್ದರೆ ಹೊತ್ತು ಮುಳುಗುವ ಮೊದಲೇ ಉಂಡು ಮಲಗಬಹುದು. ಅರಿವೆ ಇಲ್ಲದೆ ಹೇಗೆ? ಕುಕನೂರಿನ ಅಂಗಡಿಗೆ ಆಗೀಗ ಸರಕಾರ ಅಳೆದು ಕೊಡುವ ಕಂಟ್ರೋಲಿನ ಅರಿವೆ ಬರುತ್ತಿತ್ತು, ಆದರೆ ಅದು ಗೋಣಿತಟ್ಟಿನ ತಮ್ಮನ ಹಾಗೆ ಇರುತ್ತಿತ್ತು. ಹೆಂಗಸರು ಒಂದು ಸೀರೆ ಉಟ್ಟು ಇನ್ನೊಂದನ್ನು ಒಣಗಲು ಹಾಕುವ ದಿನಗಳು ಅವು. ಹರಿದದ್ದನ್ನೇ ಹೊಲಿದು ಉಡುವ ಮನೆಯಲ್ಲಿ ಮೆತ್ತನೆಯ ಚಿಂದಿ ಎಲ್ಲಿಂದ ಬರಬೇಕು? ಅದರ ಕಷ್ಟ ಹೆಚ್ಚು ತಟ್ಟಿದ್ದು ತೊಟ್ಟಿಲಲ್ಲಿ ಮಲಗಿದ ಕೂಸುಗಳಿಗೆ.

ಕಳಕಮ್ಮ ಆಗ ಎಳೆಯ ಸೊಸೆ. ಕುಕನೂರಿನಿಂದ ನಡೆದು ಹೋಗುವಷ್ಟು ದೂರದ ಊರಲ್ಲಿ ದೊಡ್ಡಬಸಪ್ಪನ ಮನೆ. ಅವನ ಮಗ ಈಶಪ್ಪನಿಗೆ ಇವಳನ್ನು ತಂದುಕೊಂಡಿದ್ದರು. ಸಣ್ಣ ಮೈಕಟ್ಟು, ಮಾತು ಕಡಿಮೆ. ಬೆಳಗಿನ ಲಿಂಗಪೂಜೆ ಆಗದೆ ನೀರು ಸಹ ಮುಟ್ಟುತ್ತಿರಲಿಲ್ಲ. ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆಗಳೆಲ್ಲ ಗಂಡನ ಮನೆಯಲ್ಲೇ ಆದವು.

ಮೊದಲನೆಯದು ಹೆಣ್ಣು. ಅದರ ತೊಡೆಸಂದಿ ಮೊದಲು ಕೆಂಪಾಯಿತು, ಆಮೇಲೆ ಹಸಿ ಗಾಯವಾಗಿ ಕೀವು ತುಂಬಿತು. ಮೈ ಸುಡತೊಡಗಿತು. ಬೋರಲು ಬೀಳುವುದನ್ನು ಕಲಿಯುವ ಮೊದಲೇ ಕೂಸು ಹೋಯಿತು. ಹೊಲದ ಬದುವಿನಲ್ಲಿ ಆಳು ಕಾಳಪ್ಪ ಗುಂಡಿ ತೆಗೆದ. ಎಲ್ಲರೂ ದೇವರ ಇಚ್ಛೆ ಎಂದರು. ಸೂಲಗಿತ್ತಿ ಫಾತಿಮಾಬೀ ಮಾತ್ರ ಹೋಗುವಾಗ ಕಳಕಮ್ಮನ ಪಕ್ಕ ಕುಳಿತು, "ಬಿರಸು ಅರಿವೀಲೆ ಒರಸಿ ಒರಸಿ ತೊಗಲು ಕಿತ್ತೈತವ್ವ. ಇನ್ನೊಮ್ಮಿ ಹಿಂಗ ಆಗಾಕ ಬಿಡಬ್ಯಾಡ. ಮೆತ್ತಂದು ಬೇಕು, ಕುದಿಸಿದ್ದು ಬೇಕು, ಬಿಸಲು ಕಂಡದ್ದು ಬೇಕು," ಎಂದು ಹೇಳಿದಳು. ಕಳಕಮ್ಮ ಆಗ ಏನೂ ಮಾತಾಡಲಿಲ್ಲ.

ಮರುವರ್ಷ ಇನ್ನೊಂದು ಹೆಣ್ಣು ಹುಟ್ಟಿತು. ಗೌರವ್ವ ಎಂದು ಹೆಸರಿಟ್ಟರು. ತೊಟ್ಟಿಲಿಗೆ ಹಾಕಿ ಬಹಳ ದಿನ ಆಗಿರಲಿಲ್ಲ, ಒಂದು ಬೆಳಿಗ್ಗೆ ಅರಿವೆ ಬದಲಿಸುವಾಗ ಅದೇ ಜಾಗದಲ್ಲಿ ಅದೇ ಕೆಂಪು ಕಂಡಿತು.

ಮನೆಯ ಬಾವಿಯ ನೀರು ಸವಳು. ಹಸಿ ತೊಗಲಿಗೆ ಅದು ಬಿದ್ದರೆ ಕೂಸು ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಸಿಹಿನೀರು ಹಳ್ಳದ ಒರತೆಯಿಂದ ಹೊತ್ತು ತರಬೇಕು, ಪ್ರತಿ ಸಲ ಸುರಿದು ತೊಳೆಯುವಷ್ಟು ಎಲ್ಲಿ ಸಿಗಬೇಕು? ಅರಿವೆಯನ್ನು ಆ ನೀರಲ್ಲಿ ಅದ್ದಿ ಒರೆಸುವುದೊಂದೇ ದಾರಿ. ಒರೆಸಲು ಇದ್ದದ್ದು ಕಂಟ್ರೋಲಿನ ಅರಿವೆಯ ತುಂಡುಗಳು.

ಅತ್ತೆ ವಿರೂಪಾಕ್ಷಮ್ಮನನ್ನು ಕೇಳಿದಳು.

"ಎಲ್ಲಿಂದ ತರ್ಲವ್ವ? ನನ್ನ ಮೈಮ್ಯಾಲಿಂದು ಬಿಚ್ಚಿ ಕೊಡ್ಲೇನು?" ಎಂದಳು ಅತ್ತೆ. ಅದು ಸಿಟ್ಟಿನ ಮಾತಲ್ಲ. ಅವಳ ಸೀರೆಯಲ್ಲೂ ಹೊಲಿಗೆಯೇ ಹೆಚ್ಚಿತ್ತು.

ಆ ಮನೆಯಲ್ಲಿ ಮೆತ್ತನೆಯ ಅರಿವೆ ಇದ್ದದ್ದು ಒಂದೇ, ದೊಡ್ಡಬಸಪ್ಪನ ರುಮಾಲು. ಅವನ ಮದುವೆಯಲ್ಲಿ ಬೀಗರು ತಲೆಗೆ ಸುತ್ತಿದ್ದು. ಸೆರಗಿಗೆ ಜರಿ, ಉಳಿದದ್ದೆಲ್ಲ ಬಿಳಿ. ಎಷ್ಟೋ ವರ್ಷ ಒಗೆದು ಒಗೆದು ಕೈಯಲ್ಲಿ ಹಿಡಿದರೆ ಬೆಣ್ಣೆ ಹಿಡಿದ ಹಾಗೆ ಆಗುತ್ತಿತ್ತು. ಅದನ್ನು ಒಗೆಯುವವಳು ಕಳಕಮ್ಮನೇ ಆದ್ದರಿಂದ ಅವಳ ಕೈಗೆ ಇದು ಗೊತ್ತಿತ್ತು.

ಅವಳು ಕದಿಯಲಿಲ್ಲ. ಮಾವ ಉಂಡು ಎದ್ದ ಮೇಲೆ ಬಾಗಿಲ ಮರೆಯಲ್ಲಿ ನಿಂತು ಕೇಳಿಯೇ ಬಿಟ್ಟಳು.

"ಮಾವ, ನಿಮ್ಮ ರುಮಾಲ್ದಾಗ ಅರ್ಧ ಕೊಡ್ರಿ. ಕೂಸಿಗೆ ಒರಸಾಕ ಬೇಕು."

ದೊಡ್ಡಬಸಪ್ಪ ಮೊದಲು ನಕ್ಕ. ಸೊಸೆ ನಗದೇ ಇದ್ದದ್ದನ್ನು ನೋಡಿ ನಗು ನಿಲ್ಲಿಸಿದ. "ತಲಿಗೆ ಸುತ್ತೋದನ್ನ ಕುಂಡಿಗೆ ಕೇಳ್ತೀ?"

"ಮೆತ್ತಂದು ಅದೊಂದೇ ಐತ್ರಿ ಮನ್ಯಾಗ."

"ಪಂಚರ ಕೂಡ ಕುಂತು ನ್ಯಾಯ ಹೇಳೋ ತಲಿ ಇದು. ಒಳಗ ಹೋಗು."

ಅವಳು ಒಳಗೆ ಹೋದಳು. ಮರುದಿನ ಮಾವ ತಲೆಗೆ ಟಾವೆಲ್ಲು ಸುತ್ತಿಕೊಂಡು ಹೊಲಕ್ಕೆ ಹೋದ ಮೇಲೆ ಜಳಕ ಮಾಡಿದಳು, ಪೂಜೆ ಮುಗಿಸಿದಳು, ವಿಭೂತಿ ಹಚ್ಚಿಕೊಂಡಳು. ಆಮೇಲೆ ಗೋಡೆಯ ಗಿಳಿಗೂಟದಿಂದ ರುಮಾಲು ಇಳಿಸಿ, ಸರಿಯಾಗಿ ನಡುವೆ ಮಡಚಿ, ಹಲ್ಲಿನಿಂದ ಅಂಚು ಕಚ್ಚಿ ಎಳೆದಳು. ಜರಿಯ ಸೆರಗು ಇದ್ದ ಅರ್ಧವನ್ನು ಮಡಿಕೆ ಮಾಡಿ ಗೂಟಕ್ಕೆ ಹಾಕಿದಳು. ಜರಿ ಇಲ್ಲದ ಅರ್ಧ ಕೂಸಿನದಾಯಿತು.

ಅಂಗೈಗಿಂತ ತುಸು ದೊಡ್ಡ ತುಂಡುಗಳನ್ನು ಮಾಡಿ, ಅದೇ ಅರಿವೆಯ ಎಳೆ ಬಿಡಿಸಿ ಅಂಚು ಹೊಲಿದಳು. ಒಮ್ಮೆ ಬಳಸಿದ್ದನ್ನು ಬೂದಿನೀರಿನ ಗಡಿಗೆಗೆ ಹಾಕುವುದು, ಅದಕ್ಕೇ ಎಂದು ಬೇರೆ ಇಟ್ಟ ಮಡಕೆಯಲ್ಲಿ ಕುದಿಸುವುದು, ಹಿಂಡಿ ಬಿಸಿಲಿಗೆ ಹಾಕುವುದು. ಹಿತ್ತಲಲ್ಲಿ ಬೇವಿನ ನೆರಳು ಗಟ್ಟಿ. ಬಿಸಿಲು ಇಡೀ ದಿನ ಇರುತ್ತಿದ್ದದ್ದು ಮುಂಬಾಗಿಲ ಎದುರಿಗೆ, ಓಣಿಯ ಕಡೆಯ ಮುಳ್ಳುಬೇಲಿಯ ಮೇಲೆ. ಅಲ್ಲಿಯೇ ಹರವಿದಳು.

ವಿರೂಪಾಕ್ಷಮ್ಮ ನೋಡಿ ಹೌಹಾರಿದಳು. "ಏನ್ ಮಾಡ್ದಿ ಇದು? ಒಳಗರ ಒಣಗಿಸು. ಕೂಸಿನ ಅರಿವಿ ಮ್ಯಾಲೆ ಹಕ್ಕಿ ನೆಳ್ಳು ಬಿದ್ರ ಕೂಸು ಸೊರಗತೈತಿ. ಮಂದಿ ಕಣ್ಣೂ ಬೀಳತೈತಿ."

"ಹೋದ ವರ್ಷ ಒಳಗ ಒಣಗಿಸಿದ್ವಿ ಅಲ್ರಿ ಅತ್ತಿ, ಹೊಗಿಯಾಗ. ಯಾವ ಹಕ್ಕೀನೂ ನೋಡಲಿಲ್ಲ."

ಅತ್ತೆ ಮಾತನ್ನು ಬೇರೆ ಕಡೆಗೆ ತಿರುಗಿಸಿದಳು. "ಅದನ್ನೆಲ್ಲಾ ತಿಕ್ಕಿದ ಕೈಲೇ ಲಿಂಗಪೂಜಿ ಮಾಡ್ತೀಯೇನು?"

"ಈ ಕೈಲೇ ಮಾಡ್ತೀನ್ರಿ. ತೊಳಕೊಂಡು."

ಸಂಜೆ ದೊಡ್ಡಬಸಪ್ಪ ಬಂದ. ಬೇಲಿಯ ಮೇಲೆ ಒಂದರ್ಧ ಕಂಡ, ಒಳಗೆ ಗೂಟದ ಮೇಲೆ ಇನ್ನರ್ಧ ಕಂಡ. ಕೂಗಾಡಲಿಲ್ಲ. ಕಂಬಳಿಯ ಮೇಲೆ ಕುಳಿತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಾಳೆ ಕುಕನೂರು ಸಂತಿ. ಬರಿ ತಲೀಲೇ ಹೊಕ್ಕೀನಿ. ಯಾಕಂತ ಮಂದಿ ಕೇಳ್ತಾರ. ಆವಾಗ ಹೇಳ್ತೀನಿ, ನಮ್ಮ ಸೊಸಿ ಮಾಡಿದ್ದು ಹಿಂಗಂತ."

ಈಶಪ್ಪ ಹೆಂಡತಿಯ ಕಡೆ ನೋಡಲಿಲ್ಲ, ತಂದೆಯ ಕಡೆಯೂ ನೋಡಲಿಲ್ಲ. "ನನ್ನ ಟೊಪಿಗಿ ಹಾಕ್ಕೊಳ್ರೆಪಾ," ಎಂದ ಮೆಲ್ಲಗೆ.

"ನಿನ್ನ ಟೊಪಿಗಿ ನಿನ್ನ ಹೆಂಡ್ತಿಗೆ ಕೊಡು. ನಾಳೆ ಅದೂ ಬೇಕಾದೀತು."

ಸಿಟ್ಟಿನಲ್ಲಿ ಮುದುಕ ಒಂದನ್ನು ಮರೆತಿದ್ದ. ನಮ್ಮ ಕಡೆ ಹಿರಿಯ ಗಂಡಸು ಬರಿತಲೆಯಲ್ಲಿ ಓಣಿಗೆ ಬಂದರೆ ಮಂದಿ ಅದರಿಂದ ತಿಳಿಯುವುದು ಒಂದೇ, ಆ ಮನೆಯಲ್ಲಿ ಸಾವಾಗಿದೆ. ಹಾಗೆ ಬಂದವನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ದುಃಖದಲ್ಲಿ ಇರುವವನ ಬಾಯಿಂದ ಅದನ್ನು ಹೇಳಿಸಬಾರದು ಎಂಬುದು ರೀತಿ.

ಸಂತೆಯಲ್ಲಿ ದೊಡ್ಡಬಸಪ್ಪ ತಲೆ ಎತ್ತಿಕೊಂಡೇ ನಡೆದ, ಯಾರಾದರೂ ಕೇಳಲಿ ಎಂದು. ಯಾರೂ ಕೇಳಲಿಲ್ಲ. ಮಾತಾಡುತ್ತಿದ್ದವರು ಅವನನ್ನು ಕಂಡು ಮಾತು ನಿಲ್ಲಿಸಿದರು. ಹಳೆಯ ಗೆಳೆಯನೊಬ್ಬ ತನ್ನ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಇವನ ತೋಳು ಮುಟ್ಟಿ ಸರಿದು ನಿಂತ. ಬೆಲ್ಲದ ಮದಾರಸಾಬ ತಕ್ಕಡಿಯನ್ನು ಕೆಳಗಿಟ್ಟು, "ಇವತ್ತ ಯಾಪಾರ ಬ್ಯಾಡ್ರಿ ಯಜಮಾನ್ರ. ಮನಿಗಿ ನಡೀರಿ," ಎಂದ. ಸಂತೆಗೆ ಬಂದವನನ್ನು ಮನೆಗೆ ಕಳಿಸುವುದು ಯಾವ ಸೀಮೆಯ ವ್ಯಾಪಾರ ಎಂದು ದೊಡ್ಡಬಸಪ್ಪನಿಗೆ ತಿಳಿಯಲಿಲ್ಲ. ಹೇಳಬೇಕೆಂದು ತಂದ ಮಾತು ಬಾಯಲ್ಲೇ ಉಳಿಯಿತು.

ಆ ಮನೆಯಲ್ಲಿ ತೊಟ್ಟಿಲ ಕೂಸು ಇದೆ, ಹೋದ ವರ್ಷದ್ದು ಉಳಿಯಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಂತೆ ಅಷ್ಟರಿಂದಲೇ ಈ ಕೂಸೂ ಹೋಯಿತೆಂದು ತಿಳಿದುಕೊಂಡಿತು. ಕುಕನೂರಿನಲ್ಲೇ ಇದ್ದ ದೊಡ್ಡಬಸಪ್ಪನ ಅಕ್ಕ ಶೇಖರಮ್ಮನಿಗೆ ಸುದ್ದಿ ಮುಟ್ಟಿತು. ಅವಳು ನಾಲ್ಕು ಹೆಂಗಸರನ್ನು ಕರೆದುಕೊಂಡು ಚಕ್ಕಡಿ ಹೂಡಿಸಿದಳು.

ಕಳಕಮ್ಮ ಬೇಲಿಯ ಮೇಲೆ ತುಂಡುಗಳನ್ನು ಹರವುತ್ತಿದ್ದಳು. ಓಣಿಯ ತಿರುವಿನಲ್ಲೇ ಅಳುವ ದನಿ ಕೇಳಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡ ಹೆಂಗಸರು ಚಕ್ಕಡಿ ಇಳಿದರು. ಶೇಖರಮ್ಮ ಬೇಲಿಯನ್ನು ನೋಡಿ ಎದೆ ಬಡಿದುಕೊಂಡಳು. "ಕೂಸು ಹೋದ ಮನ್ಯಾಗ ಅದರ ಅರಿವಿ ಒಣ ಹಾಕ್ಯಾಳ ನೋಡ್ರೆ. ಬುದ್ಧಿ ಸ್ತಿಮಿತ ತಪ್ಪೇತಿ ಪಾಪ."

"ಯಾವ ಕೂಸು ಹೋಗೇತ್ರಿ ದೊಡ್ಡತ್ತಿ?" ಎಂದಳು ಕಳಕಮ್ಮ.

ಅಷ್ಟರಲ್ಲಿ ಒಳಗೆ ಗೌರವ್ವ ಇವರ ಗದ್ದಲಕ್ಕೆ ಎಚ್ಚರಾಗಿ ಚೀರಿದಳು. ಕಳಕಮ್ಮ ಹೋಗಿ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಈಗಿನ್ನ ಮಲಗಿತ್ರಿ. ಎಬ್ಬಿಸಿದ್ರಿ."

ಒಬ್ಬಳು ಅಳುವನ್ನು ಅರ್ಧಕ್ಕೆ ನಿಲ್ಲಿಸಿ ಮೂಗು ಒರೆಸಿಕೊಂಡಳು. ಇನ್ನೊಬ್ಬಳು ಕೂಸಿನ ಕಾಲು ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಅದೇ ಹೊತ್ತಿಗೆ ಹಿಂದಿನಿಂದ ಕಾಳಪ್ಪ ಬಂದ. ಹೊಲದಲ್ಲಿ ಸುದ್ದಿ ಕೇಳಿ ನೇರ ಬಂದಿದ್ದ, ಹೆಗಲ ಮೇಲೆ ಸಲಿಕೆ. ಅವನ ಬೆನ್ನಿಗೇ ದೊಡ್ಡಬಸಪ್ಪ, ಅವನ ಜೊತೆ ಸಂತೆಯಿಂದ ಮಾತಿಲ್ಲದೆ ನಡೆದು ಬಂದ ಮೂವರು ಗಂಡಸರು.

ಕಾಳಪ್ಪ ಬಾಗಿಲ ಕಡೆ ನೋಡಲಿಲ್ಲ. ನೆಲ ನೋಡುತ್ತ ಕೇಳಿದ, "ಯಜಮಾನ್ರ, ಹೋದ ವರ್ಷದ್ದರ ಬಾಜೂಕ ತಗೀಲ್ರ್ಯಾ?"

"ಏನನ್ನ?"

"ಗುಂಡಿ ರೀ."

ದೊಡ್ಡಬಸಪ್ಪ ಸಲಿಕೆಯನ್ನು ನೋಡಿದ. ಅದೇ ಸಲಿಕೆ. ಕೈಯನ್ನು ತನ್ನ ತಲೆಯ ಮೇಲೆ ಒಯ್ದು, ಬರಿಗೂದಲು ಮುಟ್ಟಿ, ಅಲ್ಲಿಯೇ ಇಟ್ಟುಕೊಂಡ. ಇಡೀ ದಿನ ಯಾರೂ ಯಾಕೆ ಕೇಳಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಕಟ್ಟೆಯ ಮೇಲೆ ಕುಳಿತ.

ವಿರೂಪಾಕ್ಷಮ್ಮ ಮೆಲುದನಿಯಲ್ಲಿ ಅತ್ತಿಗೆಗೆ ರುಮಾಲಿನ ಕತೆ ಹೇಳಿದಳು. ಶೇಖರಮ್ಮನ ದುಃಖವೆಲ್ಲ ಸಿಟ್ಟಾಯಿತು. "ಎಲ್ಲಾ ನಿನ್ನಿಂದ ಆದದ್ದು. ಮಾವನ ಕಾಲಿಗೆ ಬಿದ್ದು ತಪ್ಪಾತು ಅನ್ನು. ಆ ಚಿಂದಿ ಒಳಗ ಒಯ್ಯಿ."

ಕಳಕಮ್ಮ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಕಟ್ಟೆಗೆ ಹೋಗಿ ಮಾವನ ಪಾದ ಮುಟ್ಟಿ ನಮಸ್ಕಾರ ಮಾಡಿ ಎದ್ದಳು.

"ಕಾಲಿಗೆ ಬಿದ್ದೀನ್ರಿ, ಹಿರೇರು. ತಪ್ಪಾತು ಅನ್ನಂಗಿಲ್ಲ. ಹೋದ ವರ್ಷ ಸುಮ್ಕ ಇದ್ದೆ, ಅದು ತಪ್ಪು. ಈ ಅರಿವಿ ಇಲ್ಲೇ ಒಣಗತಾವ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೆಯೊಬ್ಬಳು ಮಾವನೆದುರು ಅಷ್ಟು ಜನರ ನಡುವೆ ಹಾಗೆ ಮಾತಾಡಿದ್ದನ್ನು ಆ ಓಣಿ ಕೇಳಿರಲಿಲ್ಲ. ಅವಳು ಕಾಳಪ್ಪನ ಕಡೆ ತಿರುಗಿದಳು.

"ಕಾಳಪ್ಪಣ್ಣ, ಸಲಿಕಿ ತಂದೀಯಲ್ಲ. ಈ ಮುಳ್ಳಬೇಲಿ ಅರಿವಿ ಹರೀತೈತಿ. ಇಲ್ಲೊಂದು ಅಲ್ಲೊಂದು ಕಂಬ ಹುಗದು ಕೊಡು, ಹಗ್ಗ ಕಟ್ತೀನಿ."

ಕಾಳಪ್ಪ ಯಜಮಾನನನ್ನು ನೋಡಿದ. ಎಲ್ಲರೂ ಯಜಮಾನನನ್ನೇ ನೋಡಿದರು. ದೊಡ್ಡಬಸಪ್ಪ ಕಟ್ಟೆಯಿಂದ ಎದ್ದ. ಆಮೇಲೆ, "ತಾ ಇಲ್ಲಿ," ಎಂದು ಹೆಂಡತಿಯಿಂದ ಕೂಸನ್ನು ಇಸಿದುಕೊಂಡ. ಸುತ್ತಿದ ಅರಿವೆ ಸರಿಸಿ ನೋಡಿದ. ಹೆಣ್ಣುಕೂಸನ್ನು ಹಾಗೆ ಅವನು ಎಂದೂ ನೋಡಿದವನಲ್ಲ. ಕೆಂಪು ಇನ್ನೂ ಇತ್ತು. ನಿನ್ನೆಯಷ್ಟೇ ಇದೆಯೋ, ಕಡಿಮೆಯಾಗಿದೆಯೋ ಎಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಆದರೆ ಆ ಎಳೆಯ ತೊಗಲು ಎಷ್ಟು ತೆಳ್ಳಗಿತ್ತು ಎಂಬುದು ಕಂಡಿತು.

ಕೂಸನ್ನು ಮರಳಿ ಕೊಟ್ಟು, ದನದ ಕೊಟ್ಟಿಗೆಗೆ ಹೋಗಿ ಎರಡು ಜಾಲಿ ಕಂಬ ಎಳೆದು ತಂದ.

"ಎಲ್ಲಿ ಹುಗೀಬೇಕು?"

"ಬಾಗಲ ಮುಂದ್ರಿ ಮಾವ. ಅಲ್ಲಿ ಬಿಸಲು ಭಾಳೊತ್ತು ಇರತೈತಿ."

"ಈಶ್ಯಾ, ಗೂಟದ ಮ್ಯಾಲಿಂದು ತಗೊಂಬಾ."

ಈಶಪ್ಪ ಅರ್ಧ ರುಮಾಲು ತಂದ. ದೊಡ್ಡಬಸಪ್ಪ ಅದನ್ನು ಸುತ್ತಿಕೊಂಡ. ಎರಡು ಸುತ್ತಿಗೇ ಮುಗಿಯಿತು. ಜರಿಯ ಸೆರಗು ಕಿವಿಯ ಮೇಲೆ ಗುಬ್ಬಿಯ ಬಾಲದ ಹಾಗೆ ನಿಂತಿತು. ಅಳಲು ಬಂದಿದ್ದ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಈ ಸಲ ಹೆಗಲು ಕುಣಿಯುತ್ತಿದ್ದದ್ದು ಅಳುವಿಗಲ್ಲ.

"ನಗ್ರಿ," ಎಂದ ಮುದುಕ, ಕಂಬ ನೆಟ್ಟಗೆ ಹಿಡಿದು. "ಅಳಾಕಂತ ಬಂದಿದ್ರಿ, ನಕ್ಕೊಂತ ಹೋಗ್ರಿ."

ಕಾಳಪ್ಪ ಅಗೆದ. ಸಾಕು ಎಂದು ಅವನು ನಿಲ್ಲಿಸಿದಾಗ ಕಳಕಮ್ಮ ಬಗ್ಗಿ ನೋಡಿ, "ಇನ್ನ ಸ್ವಲ್ಪ ಆಳ ತಗಿ ಅಣ್ಣ," ಎಂದಳು. "ಭಾಳ ವರ್ಷ ನಿಲ್ಲಬೇಕು."

ಮುಂಗಾರಿನ ಹೊತ್ತಿಗೆ ಗೌರವ್ವನ ತೊಗಲು ಮಾಗಿತು. ಆ ಹಗ್ಗದ ಮೇಲೆ ಅದೇ ತುಂಡುಗಳು ಗೌರವ್ವನ ತಮ್ಮನ ಕಾಲಕ್ಕೂ ಒಣಗಿದವು. ಅಷ್ಟರಲ್ಲಿ ಪಕ್ಕದ ಓಣಿಯ ಹುಲಗಮ್ಮ ತನ್ನ ಮೊಮ್ಮಗನಿಗೆಂದು ಕೇಳಿಕೊಂಡು ಬಂದು ಎರಡನ್ನು ಒಯ್ದಿದ್ದಳು. ಲಡಾಯಿ ಮುಗಿದು ಅಂಗಡಿಗೆ ಅರಿವೆ ಬಂದ ಮೇಲೆ ಈಶಪ್ಪ ತಂದೆಗೆ ಹೊಸ ರುಮಾಲು ತಂದ. ದೊಡ್ಡಬಸಪ್ಪ ಅದನ್ನು ಬಿಚ್ಚಿ, ತಲೆಗೆ ಸುತ್ತುವ ಮೊದಲು ಸೊಸೆಯ ಕಡೆ ಚಾಚಿದ.

"ಇದೂ ಬೇಕೇನು?"

ಕಳಕಮ್ಮ ಅಂಚನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ಇದು ಇನ್ನಾ ಬಿರಸೈತ್ರಿ ಮಾವ. ಸುತ್ತಿಗೊಳ್ರಿ. ಮೆತ್ತಗಾದ ಮ್ಯಾಲೆ ಕೇಳ್ತೀನಿ."